ತಿದ್ದಿದ ಕಡೆ ಸಣ್ಣ ಸಹಿ

ಶಿವಮೊಗ್ಗ ಕೋರ್ಟಿನ ಹಿಂಬದಿ ಗೇಟು. ಹೊಂಗೆ ಮರದ ಕೆಳಗೆ
ನೀಲಿ ತಾಡಪಾಲು, ಒಂದು ಮೇಜು, ಎರಡು ಸ್ಟೂಲು.
ಬೋರ್ಡಿನ ಮೇಲೆ 'ಪ್ರಫುಲ್ಲಾ ಟೈಪಿಂಗ್',
ಅದರಡಿ ಸಣ್ಣ ಅಕ್ಷರದಲ್ಲಿ
ಅಫಿಡವಿಟ್, ಬಾಡಿಗೆ ಕರಾರು, ಹೆಸರು ಬದಲಾವಣೆ.
ಪ್ರಫುಲ್ಲಾ ನನ್ನಮ್ಮ.
ಹದಿನೇಳು ವರ್ಷದಿಂದ ಊರಿನ ಜಗಳವನ್ನೆಲ್ಲ
ನಾಲ್ಕು ಪ್ರತಿ ಕುಟ್ಟಿ ಕೊಡುತ್ತಾಳೆ.

ಶುಲ್ಕ ಕಟ್ಟಲು ಶನಿವಾರ ನಾಲ್ಕು ಗಂಟೆ ಕೊನೆ.
ಇವತ್ತು ಗುರುವಾರ.

ನೂರಿಪ್ಪತ್ತು ಪ್ರಶ್ನೆ, ಎರಡು ಗಂಟೆ,
ತಪ್ಪೊಂದಕ್ಕೆ ಕಾಲು ಅಂಕ ಕಡಿತ.
ನಾನು ಕಳಕೊಂಡದ್ದು ಇಪ್ಪತ್ತಾರು ಕಾಲು.
ಅಷ್ಟು ಕಾಲಿರುವ ಹುಳವಾಗಿದ್ದರೆ
ನಡೆದೇ ಭೋಪಾಲ ಮುಟ್ಟಬಹುದಿತ್ತು.
ತನ್ಝೀಲಾ ಮುಟ್ಟಿದಳು.
ನಾನು ಗೋಪಿ ಸರ್ಕಲ್ಲಿನಲ್ಲೇ ಇದ್ದೇನೆ, ಎರಡು ಕಾಲಿನ ಮೇಲೆ.

ಹಾಲೇಶಪ್ಪ ಲಾಯರು ಕಾಫಿ ಆರಿಸುತ್ತ ಹೇಳಿದರು:
'ಇಲ್ಲೇ ಸೇರು ಮಾರಾಯ್ತಿ. ವರ್ಷ ಒಂದು ಚೆನ್ನಾಗಿ ಓದು.
ಅಲ್ಲಿ ಸೀಟು ಖಾಲಿ ಬಿದ್ದರೆ,
ಇಲ್ಲಿಯವರು ಬಿಟ್ಟರೆ, ಅಲ್ಲಿಯವರು ಒಪ್ಪಿದರೆ,
ವರ್ಗಾವಣೆ. ಅದೇನು ಮಹಾ.'
ಕುಬೇರ ಮೇಷ್ಟ್ರು ಫೋನಿನಲ್ಲಿ:
'ಮತ್ತೆ ಬರಿ. ಡಿಸೆಂಬರಿಗೆ ಇನ್ನೈದೇ ತಿಂಗಳು.
ಇಂಗ್ಲಿಷು ಸುಧಾರಿಸಿದರೆ, ಕೈ ನಡುಗದಿದ್ದರೆ,
ಪತ್ರಿಕೆ ಹಗುರ ಬಂದರೆ...'

ಎಣಿಸಿದೆ. ಅತ್ತ ಮೂರು ರೆ, ಇತ್ತ ಮೂರು ರೆ.
ಇಷ್ಟು ಸಣ್ಣ ಅಕ್ಷರದ ತಲೆ ಮೇಲೆ
ಇಷ್ಟು ಭಾರ ಹೊರಿಸಿದ ಪುಣ್ಯಾತ್ಮ ಯಾರೋ.

ಅಮ್ಮನಿಗೆ ಲೋಕವೆಲ್ಲ ಬಸ್ಸು.
'ಸಿಕ್ಕಿದ್ದು ಹತ್ತು, ಭದ್ರಾವತೀಲಿ ಬದಲಾಯಿಸಿದರಾಯ್ತು.'
ಹಾಗೆ ಒಮ್ಮೆ ಹತ್ತಿದ್ದೆವು.
ಭದ್ರಾವತಿಯಿಂದ ತರೀಕೆರೆ ದಾಟುವ ತನಕ
ಯಾರದೋ ಟಿಫಿನ್ ಕ್ಯಾರಿಯರು ನನ್ನ ಪಕ್ಕೆಗೆ ಒತ್ತಿಕೊಂಡೇ ಇತ್ತು.
ಅದನ್ನು ನೆನಪಿಸಲಿಲ್ಲ.
ಡ್ರಾಯರಿನಲ್ಲಿ, ಕಾರ್ಬನ್ ಹಾಳೆಯ ಅಡಿಯಲ್ಲಿ
ಶುಲ್ಕದ ನೋಟುಗಳು ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಕೂತಿದ್ದವು,
ಅಂಚೆಲ್ಲ ನೀಲಿಯಾಗಿ.

ಅಷ್ಟರಲ್ಲಿ ಆಯನೂರಿನಿಂದ ಒಬ್ಬರು ಬಂದರು.
ಪಹಣಿಯಲ್ಲಿ ರೇವಣಸಿದ್ದಪ್ಪ,
ಬ್ಯಾಂಕಿನಲ್ಲಿ ರೇವಣಪ್ಪ.
ಇಬ್ಬರೂ ತಾವೇ ಎಂದು ಪ್ರಮಾಣ ಮಾಡಬೇಕಿತ್ತು.
ಅಮ್ಮನಿಗೆ ಬಾಯಿಪಾಠ:
'ಮೇಲ್ಕಂಡ ಎರಡೂ ಹೆಸರುಗಳು ಒಬ್ಬನೇ ವ್ಯಕ್ತಿಯವು...'
ನಾನು ಸ್ಟೂಲಿನ ಮೇಲೆ ಕೂತು ನೋಡಿದೆ.
ಇಲ್ಲೇ ಸೇರಿದವಳು, ಮತ್ತೆ ಬರೆದವಳು,
ಮುಂದೊಂದು ದಿನ ಇಬ್ಬರೂ ನಾನೇ ಎಂದರೆ
ಯಾವ ನೋಟರಿ ನಂಬುತ್ತಾನೆ?

ಒಂದು ಅಕ್ಷರ ತಪ್ಪಿತು. ಅವರು ವೈಟ್ನರ್ ಬಾಟಲಿ ತೋರಿಸಿದರು.
'ಅದು ಬೇಡ, ಬೆಳ್ಳಗಿದ್ದಷ್ಟೂ ಅನುಮಾನ' ಎಂದಳು ಅಮ್ಮ.
'ತಪ್ಪು ಕಾಣಲಿ. ಗೀಟು ಎಳೆದು
ಪಕ್ಕದಲ್ಲಿ ಸಣ್ಣ ಸಹಿ.'

ವರ್ಗಾವಣೆಗೆ ಎಷ್ಟು ಜನರ ಸಹಿ ಬೇಕೋ.
ಮತ್ತೆ ಬರೆಯಲು ನನ್ನದೊಂದು ಸಾಕು.
ಇದು ವಾದವೇ ಅಲ್ಲ, ಹಾಲೇಶಪ್ಪನವರು
ಒಂದೇ ನಿಮಿಷದಲ್ಲಿ ಕೆಡವಿಯಾರು.
ಆದರೂ ಹೇಳಿಬಿಟ್ಟೆ: 'ಅಮ್ಮ, ಮತ್ತೆ ಬರೀತೀನಿ.'

ಯಂತ್ರ ನಿಂತಿತು.
ಅವಳು ನನ್ನನ್ನು ನೋಡಲಿಲ್ಲ, ಡ್ರಾಯರನ್ನೂ ತೆರೆಯಲಿಲ್ಲ.
'ಸರಿ. ಮಧ್ಯಾಹ್ನ ಎರಡರಿಂದ ನಾಲ್ಕು ನೀನು ಕೂರು ಇಲ್ಲಿ.
ನನಗೂ ಬೆನ್ನು ನೋವು.'
ಎರಡು ಗಂಟೆ. ಪರೀಕ್ಷೆಯಷ್ಟೇ.

ಎದ್ದು ಜಾಗ ಬಿಟ್ಟಳು. ಸ್ಟೂಲು ಬೆಚ್ಚಗಿತ್ತು.
ನಾನು ಗೀಟು ಎಳೆದೆ,
ಹುಮ್ಮಸ್ಸಿನಲ್ಲಿ ಪಕ್ಕದಲ್ಲಿ ನನ್ನ ಸಹಿಯನ್ನೇ ಹಾಕಹೊರಟೆ.
ಅಮ್ಮ ಮಣಿಕಟ್ಟು ಹಿಡಿದಳು:
'ಅದು ಅವರ ಕಾಗದ ಕಣೇ, ಅವರು ಹಾಕಲಿ.'

ಆಯನೂರಿನವರು ಪೆನ್ನು ತೆಗೆದುಕೊಂಡರು,
ಹಾಳೆಯ ಹತ್ತಿರ ತಂದು, ಮೇಲೆತ್ತಿ, ನನ್ನನ್ನೇ ಕೇಳಿದರು:
'ಯಾವ ಹೆಸರಲ್ಲಿ ಹಾಕಲವ್ವ?'